ಮನೆಯವರ ಪ್ರವಾಸದಲ್ಲಿ ಆ ಮಗುವಿಗೂ ಒಂದು ಜಾಗ



ಕೊನೆಕೊಯ್ಲು ಮುಗಿದು, ಸುಲಿದ ಅಡಿಕೆ ಬೆಂದು ಒಣಗಿ ಚೀಲ ಸೇರಿದ ಮೇಲೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮನೆಗಳಲ್ಲಿ ಒಂದು ಮಾತು ಏಳುವುದು ವಾಡಿಕೆ: ಈ ಸಲ ಎಲ್ಲಿಗೆ ಹೋಗೋಣ? ಎರಡು ಮನೆಯವರು ಕೂಡಿ ಒಂದು ವಾಹನ ಗೊತ್ತುಮಾಡುತ್ತಾರೆ. ಜೋಗ, ಸಿಗಂದೂರು, ಸಕ್ರೆಬೈಲಿನ ಆನೆಬಿಡಾರ, ತ್ಯಾವರೆಕೊಪ್ಪದ ಹುಲಿ-ಸಿಂಹಧಾಮ. ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷವಾದರೆ ಬಿಡದಿ ಹತ್ತಿರದ ವಂಡರ್‌ಲಾ. ವಾಹನ ಹೊರಟಾಗ ಎಣಿಸಿ ನೋಡಿದರೆ ಕೆಲವು ಮನೆಗಳಲ್ಲಿ ಎರಡು ತಲೆ ಕಡಿಮೆ ಇರುತ್ತದೆ. ಒಂದು, ಬೇರೆ ಮಕ್ಕಳಂತೆ ಬೆಳೆಯದ ಮಗು. ಇನ್ನೊಂದು, ಅದನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದ ತಾಯಿ.

ನನ್ನ ವೃತ್ತದ ಹಳ್ಳಿಗಳಲ್ಲಿ ಮಣ್ಣು ಪರೀಕ್ಷೆಗೆಂದೋ ಬೋರ್ಡೊ ದ್ರಾವಣದ ವಿಚಾರಕ್ಕೆಂದೋ ಮನೆ ಮನೆಗೆ ಹೋದಾಗ ಇಂತಹ ತಾಯಂದಿರನ್ನು ಕಂಡಿದ್ದೇನೆ. ತವರಿನ ಮದುವೆಗೆ ಹೋಗದೆ ಆರು ವರ್ಷ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ನೋಡದೆ ಎಂಟು ವರ್ಷ ಎಂದು ಅವರು ಲೆಕ್ಕ ಹೇಳುತ್ತಾರೆ. ದೂರುವ ಧ್ವನಿಯಲ್ಲಿ ಅಲ್ಲ, ಮಳೆಯ ಲೆಕ್ಕ ಹೇಳುವಂತೆ. ನಾನು ಕೃಷಿ ಡಿಪ್ಲೊಮಾ ಓದಿದವನು, ವೈದ್ಯನಲ್ಲ. ಆದಾಗ್ಯೂ ಕೆಲವು ಮನೆಯವರು ಇಂತಹ ಮಗುವನ್ನು ಕರೆದುಕೊಂಡು ಹೋಗಿ ಸುಖವಾಗಿ ಬಂದುದನ್ನು ಹತ್ತಿರದಿಂದ ನೋಡಿದ್ದೇನೆ. ಅವರು ಮಾಡಿದ್ದೇನು, ಅದು ಫಲಿಸಿದ್ದೇಕೆ ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ವಿಶೇಷ ಅಗತ್ಯದ ಮಕ್ಕಳು ಎಂದರೆ ಎಲ್ಲರೂ ಒಂದೇ ಬಗೆಯವರಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಕೈಕಾಲು ಬಿಗಿದುಕೊಂಡು ನಡೆಯಲಾರದ ಸೆರೆಬ್ರಲ್ ಪಾಲ್ಸಿಯ ಮಗುವಿಗೆ ಮೆಟ್ಟಿಲು ಕಷ್ಟ. ಆಟಿಸಂ ಇರುವ ಮಗುವಿಗೆ ಮೆಟ್ಟಿಲೇನೂ ಕಷ್ಟವಲ್ಲ, ಸದ್ದು ಮತ್ತು ಗುಂಪು ಕಷ್ಟ. ಡೌನ್ ಸಿಂಡ್ರೋಮ್ ಇರುವ ಮಗು ಎಲ್ಲರೊಡನೆ ನಗುನಗುತ್ತಾ ಸೇರೀತು, ಆದರೆ ಬೇಗ ದಣಿಯುತ್ತದೆ. ಎಲ್ಲಾ ತೋಟಕ್ಕೂ ಒಂದೇ ಗೊಬ್ಬರವೆಂದು ಹೇಳುವವನನ್ನು ನೀವು ನಂಬುವುದಿಲ್ಲವಷ್ಟೆ. ಇಲ್ಲಿಯೂ ಹಾಗೆಯೇ. ಮೊದಲು ನಿಮ್ಮ ಮಗುವಿಗೆ ಯಾವುದು ಭಾರ, ಯಾವುದು ಹಗುರ ಎಂಬುದನ್ನು ಕಂಡುಕೊಳ್ಳಬೇಕು. ಅದನ್ನು ಮನೆಯಲ್ಲಿ ಚೆನ್ನಾಗಿ ಬಲ್ಲವಳು ತಾಯಿ; ಅನೇಕ ಕಡೆ ಅಜ್ಜಿ.

ಹಠವೋ, ತಡೆಯಲಾರದ ಸಂಕಟವೋ

ಪ್ರವಾಸದಲ್ಲಿ ಮಗು ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದು ಕಿರುಚಿದರೆ ಸುತ್ತಲಿನವರು "ಮುದ್ದು ಮಾಡಿ ಕೆಡಿಸಿದ್ದಾರೆ" ಎನ್ನುತ್ತಾರೆ. ತಂದೆಗೆ ಅವಮಾನವಾಗಿ ಎರಡೇಟು ಹಾಕುವುದೂ ಉಂಟು. ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಯುವುದು ಅವಶ್ಯ. ಇದು ತಿಳಿದರೆ ಉಳಿದದ್ದೆಲ್ಲ ತಾನೇ ತಿಳಿಯುತ್ತದೆ.

ನಾವು ಸಂತೆಯಲ್ಲಿ ನಿಂತು ನೆಂಟರೊಡನೆ ಮಾತನಾಡುತ್ತೇವೆ. ಪಕ್ಕದಲ್ಲಿ ಮೀನಿನವನ ಕೂಗು, ಬಸ್ಸಿನ ಹಾರನ್ನು, ಧ್ವನಿವರ್ಧಕದ ಹಾಡು, ಮೆಣಸಿನಕಾಯಿಯ ಘಾಟು, ಎಲ್ಲವೂ ಇರುತ್ತದೆ. ನಮ್ಮ ಮಿದುಳು ಜರಡಿಯಂತೆ ಬೇಡವಾದದ್ದನ್ನು ಕೆಳಕ್ಕೆ ಬಿಟ್ಟು ನೆಂಟರ ಮಾತನ್ನು ಮಾತ್ರ ಮೇಲೆ ಉಳಿಸಿಕೊಳ್ಳುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಈ ಜರಡಿ ನಮ್ಮಂತೆ ಕೆಲಸ ಮಾಡುವುದಿಲ್ಲ. ಎಲ್ಲಾ ಸದ್ದೂ ಎಲ್ಲಾ ಬೆಳಕೂ ಒಂದೇ ಜೋರಿನಲ್ಲಿ ಒಳಕ್ಕೆ ನುಗ್ಗುತ್ತವೆ. ಅಂಗಿಯ ಕಾಲರಿನ ಚೀಟಿ ಚುಚ್ಚುವುದು ಕೂಡ ದೊಡ್ಡ ನೋವಾಗುತ್ತದೆ. ಕಳೆ ಕೊಚ್ಚುವ ಯಂತ್ರ ಹೊರಟ ಕೂಡಲೇ ಕಿವಿ ಮುಚ್ಚಿಕೊಂಡು ಒಳಕೋಣೆಗೆ ಓಡುವ ಮಗುವನ್ನು ನೀವು ಕಂಡಿರಬಹುದು. ಅದೇ ಮಗುವನ್ನು ಮಾರಿಜಾತ್ರೆಯ ತೊಟ್ಟಿಲಿನ ಮುಂದೆ ನಿಲ್ಲಿಸಿದರೆ ಅದಕ್ಕೆ ಓಡಲು ಒಳಕೋಣೆ ಇಲ್ಲ.

ಹಠಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಹೀಗೆ ಗುರುತಿಸಬಹುದು. ಹಠ ಮಾಡುವ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ. ಕೇಳಿದ ಬೊಂಬೆ ಕೈಗೆ ಬಂದರೆ ಅಳು ನಿಲ್ಲುತ್ತದೆ. ತಡೆಯಲಾರದ ಸಂಕಟದಲ್ಲಿರುವ ಮಗು ಯಾರ ಮುಖವನ್ನೂ ನೋಡುವುದಿಲ್ಲ; ಬೊಂಬೆ ಕೊಟ್ಟರೂ ನಿಲ್ಲುವುದಿಲ್ಲ. ಆಗ ಬುದ್ಧಿ ಹೇಳುವುದು, ಗದರಿಸುವುದು, ನಾಲ್ವರು ಸುತ್ತುವರಿದು ಸಮಾಧಾನ ಮಾಡುವುದು, ಇವೆಲ್ಲ ಇನ್ನಷ್ಟು ಸದ್ದು ಸೇರಿಸಿದಂತೆ. ಮಗುವನ್ನು ಸದ್ದಿಲ್ಲದ ನೆರಳಿಗೆ ಕರೆದೊಯ್ದು, ಒಬ್ಬರೇ ಹತ್ತಿರ ಕುಳಿತು, ಮಾತಿಲ್ಲದೆ ಕಾಯಬೇಕು. ಇಪ್ಪತ್ತು ನಿಮಿಷ ಬೇಕಾದೀತು, ಮುಕ್ಕಾಲು ಗಂಟೆಯೂ ಬೇಕಾದೀತು.

ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಕಳೆಯಂತ್ರ ನಡೆಸುವವರು ಹಾಕಿಕೊಳ್ಳುವ ಕಿವಿಗವಚವನ್ನು ಕೃಷಿ ಉಪಕರಣದ ಅಂಗಡಿಗಳಲ್ಲಿ ನೋಡಿದ್ದೀರಿ. ಅದೇ ಜಾತಿಯದು ಮಕ್ಕಳ ಅಳತೆಯಲ್ಲೂ ದೊರೆಯುತ್ತದೆ. ಹೊರಡುವ ಹದಿನೈದು ದಿನ ಮುಂಚೆಯೇ ಮನೆಯಲ್ಲಿ ದಿನಕ್ಕೆ ಐದು ನಿಮಿಷ ಹಾಕಿ ಅಭ್ಯಾಸ ಮಾಡಿಸಿದರೆ ಗದ್ದಲದ ಜಾಗದಲ್ಲಿ ಬಹಳ ಉಪಕಾರವಾಗುತ್ತದೆ. ಜಾತ್ರೆಯ ದಿನವೇ ಹೊಸದಾಗಿ ತಲೆಗೆ ಏರಿಸಿದರೆ ಮಗು ಕಿತ್ತೆಸೆಯುತ್ತದೆ; ಎಸೆಯುವುದು ಸಹಜವೂ ಹೌದು.

ತೀರ್ಥಹಳ್ಳಿ ಕಡೆಯ ಒಂದು ಮನೆ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡೆಕರೆ ತೋಟದ ಕುಟುಂಬವಿದೆ. ಒಂಬತ್ತು ವರ್ಷದ ಹುಡುಗನಿಗೆ ಆಟಿಸಂ. ಹದಿಮೂರು ವರ್ಷದ ಅಕ್ಕ ಶಾಲೆಗೆ ಹೋಗುತ್ತಾಳೆ. ಹುಡುಗನಿಗೆ ಮಾತು ಕಡಿಮೆ. ನೀರು, ಆನೆ ಇವೆರಡೆಂದರೆ ಪ್ರಾಣ. ಹಿಂದೊಮ್ಮೆ ನೆಂಟರೊಡನೆ ಒಂದೇ ದಿನದಲ್ಲಿ ನಾಲ್ಕು ಸ್ಥಳ ನೋಡುವ ಪ್ರವಾಸಕ್ಕೆ ಹೋಗಿ, ಎರಡನೆಯ ಸ್ಥಳದಿಂದಲೇ ಅತ್ತು ಕೂಗಿ, ಎಲ್ಲರೂ ಮುಖ ಸಣ್ಣಗೆ ಮಾಡಿಕೊಂಡು ಹಿಂದಿರುಗಿದ್ದರು. ಆಮೇಲೆ ಮೂರು ವರ್ಷ ಯಾರೂ ಆ ಮಾತನ್ನು ಎತ್ತಲಿಲ್ಲ.

ಕಳೆದ ಬೇಸಿಗೆಯಲ್ಲಿ ಅಕ್ಕನೇ ಹೊಸ ದಾರಿ ಹಿಡಿದಳು. ಒಂದು ದಿನಕ್ಕೆ ಒಂದೇ ಸ್ಥಳ, ಅದೂ ತಮ್ಮನಿಗೆ ಪ್ರಿಯವಾದ ಸ್ಥಳ ಎಂದು ಹೇಳಿ ಸಕ್ರೆಬೈಲನ್ನು ಗೊತ್ತುಮಾಡಿದಳು. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ ಸುಮಾರು 14 ಕಿಲೋಮೀಟರಿನಲ್ಲಿ ರಸ್ತೆಯ ಅಂಚಿಗೇ ಆನೆಬಿಡಾರವಿದೆ. ಬೆಳಗಿನ ಹೊತ್ತು ಮಾವುತರು ಆನೆಗಳನ್ನು ಕಾಡಿನಿಂದ ಕರೆತಂದು ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ತೊಳೆಯುತ್ತಾರೆ. ನೀರೂ ಆನೆಯೂ ಒಂದೇ ಕಡೆ! ಇಷ್ಟು ಹತ್ತಿರದಲ್ಲಿ ಇಂಥ ಜಾಗವಿರುವಾಗ ಬೆಂಗಳೂರಿನ ಕನಸು ಕಾಣುತ್ತಾ ಕೂರುವುದೇಕೆಂದು ನನಗೂ ಅನ್ನಿಸಿತು.

ಹೊರಡುವ ಎರಡು ವಾರ ಮುಂಚಿನಿಂದ ತಯಾರಿ ನಡೆಯಿತು. ಅಕ್ಕ ಒಂದು ನೋಟ್‌ಪುಸ್ತಕದಲ್ಲಿ ಆರು ಚಿತ್ರ ಅಂಟಿಸಿದಳು: ಮನೆ, ಬಸ್ಸು, ಟಿಕೆಟ್ಟಿನ ಕಿಟಕಿ, ಆನೆ, ಬುತ್ತಿ, ಮತ್ತೆ ಮನೆ. ದಿನಾ ಮಲಗುವ ಮೊದಲು ಅದನ್ನು ತೋರಿಸುವುದು. ಕೊನೆಯ ಚಿತ್ರ ಮನೆಯದೇ ಆಗಿರಬೇಕು ಎಂಬುದನ್ನು ವಿಶೇಷವಾಗಿ ಗಮನಿಸಿ. ಇಂತಹ ಮಗುವಿಗೆ ದೊಡ್ಡ ಭಯ ಎಂದರೆ ಇದು ಯಾವಾಗ ಮುಗಿಯುತ್ತದೆ ಎಂದು ತಿಳಿಯದೇ ಇರುವುದು. ಹಿಂದಿನ ವಾರ ತೀರ್ಥಹಳ್ಳಿಯ ಬಸ್ ನಿಲ್ದಾಣದವರೆಗೆ ಹೋಗಿ, ಒಂದು ಎಳನೀರು ಕುಡಿದು, ಸುಮ್ಮನೆ ಹಿಂದಿರುಗಿದರು. ನೋಡಿದವರು ಹುಚ್ಚು ಎಂದುಕೊಂಡಿರಬಹುದು. ಸಸಿಯನ್ನು ಮಡಿಯಿಂದ ಕಿತ್ತು ನೇರವಾಗಿ ಬಿಸಿಲಿಗೆ ನೆಡದೆ ಹದಗೊಳಿಸುವುದಿಲ್ಲವೇ, ಅಂಥದೇ ಕೆಲಸ ಇದು.

ಹೊರಟದ್ದು ಬುಧವಾರ. ರಜೆಯ ದಿನವಲ್ಲದ್ದರಿಂದ ಜನ ಕಡಿಮೆ. ಮೊದಲ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಕೈಯಲ್ಲಿ ಅವನದೇ ಹಳೆಯ ಟವೆಲ್ಲು. ಬಿಡಾರದಲ್ಲಿ ತಂದೆ ಟಿಕೆಟ್ಟಿನ ಸಾಲಿನಲ್ಲಿ ನಿಂತರು. ತಾಯಿ, ಅಕ್ಕ, ಹುಡುಗ ದೂರದ ಮರದ ಕೆಳಗೆ ಕುಳಿತು, ತಂದೆ ಕೈ ಬೀಸಿದ ಮೇಲೆ ಬಂದರು. ಸಾಲಿನಲ್ಲಿ ಕಾಯುವುದನ್ನೇ ಮಗುವಿಗೆ ತಪ್ಪಿಸಿದ್ದು ದೊಡ್ಡ ಕೆಲಸ. ಆದರೂ ಒಂದು ಆನೆ ಘೀಳಿಟ್ಟಾಗ ಹುಡುಗ ಬೆದರಿ ಕಿರುಚಿದ. ಯಾರೋ ಒಬ್ಬ ಅಮ್ಮ ಹತ್ತಿರ ಬಂದು "ಎಂತ ಆಗಿದ್ಯೇ ಮಗೀಗೆ?" ಎಂದು ಕೇಳಿದರು. ತಾಯಿ ಮನೆಯಲ್ಲೇ ಸಿದ್ಧ ಮಾಡಿಕೊಂಡಿದ್ದ ಉತ್ತರ ಹೇಳಿದರು: "ಜೋರು ಸದ್ದು ಅವನಿಗೆ ಆಗಿಬರೂದಿಲ್ಲ ಅಮ್ಮ, ಸ್ವಲ್ಪ ಹೊತ್ತಿಗೆ ಸರಿ ಹೋಗ್ತಾನೆ." ಇಷ್ಟೇ. ರೋಗದ ಹೆಸರು, ತೋರಿಸಿದ ಡಾಕ್ಟರು, ಯಾವ ದೇವರಿಗೆ ಹರಕೆ ಎಂಬ ವಿವರವೆಲ್ಲ ದಾರಿಯಲ್ಲಿ ಕಂಡವರಿಗೆ ಕೊಡಬೇಕಾದ ಋಣವೇನೂ ನಮಗಿಲ್ಲ.

ಅವರು ಅಲ್ಲಿದ್ದದ್ದು ಒಂದೂವರೆ ಗಂಟೆ. ಹುಡುಗ ಮುಕ್ಕಾಲು ಪಾಲು ಹೊತ್ತು ನೋಡಿದ್ದು ಒಂದೇ ದೃಶ್ಯವನ್ನು: ಮಲಗಿದ ಆನೆಯ ಬೆನ್ನಿನ ಮೇಲಿಂದ ನೀರು ಇಳಿಯುವುದನ್ನು. ಬೇರೆ ಆನೆಗಳ ಕಡೆ ತಿರುಗಲೂ ಇಲ್ಲ. ಇಷ್ಟು ದೂರ ಬಂದವರು ತ್ಯಾವರೆಕೊಪ್ಪವನ್ನೂ ನೋಡಿ ಹೋಗೋಣ ಎಂದು ತಂದೆಗೆ ಆಸೆಯಾಯಿತು. ಮಗ ನಗುತ್ತಿರುವಾಗಲೇ ಹೊರಡಬೇಕು ಎಂದು ತಾಯಿ ಹಟ ಹಿಡಿದರು. ಹನ್ನೊಂದಕ್ಕೆ ಬಸ್ಸು ಹತ್ತಿದರು. ನನ್ನ ಅಭಿಪ್ರಾಯದಲ್ಲಿ ಆ ದಿನ ಗೆದ್ದದ್ದು ಆ ಒಂದು ನಿರ್ಧಾರದಿಂದ. ಕೊಟ್ಟ ದುಡ್ಡಿಗೆ ಎಲ್ಲವನ್ನೂ ನೋಡಿಯೇ ತೀರಬೇಕೆಂಬ ನಮ್ಮ ಹಠ ಮಗುವಿನ ಹಠಕ್ಕಿಂತ ದೊಡ್ಡದು.

ನಮ್ಮ ಸೀಮೆಯ ಸ್ಥಳಗಳು

ಯಾವ ಸ್ಥಳ ಯಾವ ಮಗುವಿಗೆ ಹೊಂದುತ್ತದೆ ಎಂಬುದನ್ನು ಮುಂಚೆಯೇ ಯೋಚಿಸಬೇಕು. ನಡೆಯಲಾರದ ಮಗುವಿಗೆ ತ್ಯಾವರೆಕೊಪ್ಪ ಅನುಕೂಲ. ಶಿವಮೊಗ್ಗ-ಸಾಗರ ರಸ್ತೆಯಲ್ಲೇ ಇದ್ದು, ಹುಲಿ ಸಿಂಹಗಳನ್ನು ವಾಹನದೊಳಗೆ ಕುಳಿತೇ ನೋಡಬಹುದು. ಆದರೆ ನಡುವೆ ಇಳಿಯುವಂತಿಲ್ಲ. ಮುಚ್ಚಿದ ಗಾಡಿಯಲ್ಲಿ ಕೂರಲಾರದ ಮಗುವಿಗೆ ಅದು ಶಿಕ್ಷೆಯಾದೀತು.

ಜೋಗದಲ್ಲಿ ನೀರು 253 ಮೀಟರ್ ಬೀಳುತ್ತದೆ. ಅದನ್ನು ನೋಡಲು ಕೆಳಗಿಳಿಯುವ ಸಾವಿರಕ್ಕೂ ಮಿಕ್ಕಿದ ಮೆಟ್ಟಿಲುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಮೇಲಿನಿಂದಲೇ ನಾಲ್ಕು ಕವಲೂ ಕಾಣುತ್ತವೆ. ಮಳೆಗಾಲದಲ್ಲಿ ನೋಟ ಚೆನ್ನು, ಆದರೆ ಭಾನುವಾರದ ಜನಸಂದಣಿಯಲ್ಲಿ ಛತ್ರಿಗಳ ನಡುವೆ ಮಗುವಿನ ಕೈ ತಪ್ಪುವುದು ಸುಲಭ.

ಸಿಗಂದೂರಿಗೆ ಮೊದಲು ಅಂಬಾರಗೋಡ್ಲಿನಲ್ಲಿ ಲಾಂಚಿಗಾಗಿ ಕಾಯಬೇಕಿತ್ತು. ಹಬ್ಬದ ದಿನಗಳಲ್ಲಿ ಆ ಕಾಯುವಿಕೆಯೇ ಅನೇಕ ಮಕ್ಕಳನ್ನು ಸೋಲಿಸುತ್ತಿತ್ತು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾದ ಮೇಲೆ ವಾಹನ ನೇರವಾಗಿ ತುಮರಿ ಕಡೆಗೆ ದಾಟುತ್ತದೆ. ಲಾಂಚಿನ ಮೇಲೆ ನಿಂತು ನೀರು ನೋಡುವುದೇ ಸಿಗಂದೂರು ಎಂದು ತಿಳಿದಿದ್ದ ಮಕ್ಕಳಿಗೆ ಮಾತ್ರ ಈ ಬದಲಾವಣೆಯನ್ನು ಚಿತ್ರ ತೋರಿಸಿ ಮೊದಲೇ ಹೇಳಬೇಕು. ನಮಗೆ ಸಣ್ಣದಾಗಿ ಕಾಣುವ ಇಂತಹ ಬದಲಾವಣೆಯಲ್ಲಿಯೇ ಅವರ ದಿನ ಕೆಡುವುದು. ದೇವಸ್ಥಾನ ಯಾವುದೇ ಆಗಲಿ, ಸಾಲಿನಲ್ಲಿ ನಿಲ್ಲುವ ಮೊದಲು ಕಚೇರಿಯಲ್ಲಿ ಮಗುವಿನ ವಿಷಯ ತಿಳಿಸಿ ಬೇರೆ ದಾರಿ ಇದೆಯೇ ಎಂದು ಕೇಳಿ. ಕೇಳಲು ನಾಚಿಕೆ ಬೇಡ.

ಗದ್ದಲ ಬೇಡದವರಿಗೆ ಕುಪ್ಪಳಿ ಇದೆ. ಕವಿಮನೆಯ ಮರದ ಮೆಟ್ಟಿಲು ಕಡಿದು, ಗಾಲಿಕುರ್ಚಿಗೆ ಆಗದು. ಓಡಾಡಬಲ್ಲ ಮಗುವಿಗೆ ವಾರದ ನಡುವಿನ ದಿನ ಅಲ್ಲಿಯ ಮೌನ ಒಳ್ಳೆಯದು. ಮಳೆಗಾಲದಲ್ಲಿ ಹಕ್ಕಿಗಳು ಗೂಡು ಕಟ್ಟುವ ಮಂಡಗದ್ದೆಯಂತೂ ಹೆದ್ದಾರಿಯ ಪಕ್ಕದಲ್ಲೇ ಇದೆ. ಅರ್ಧ ಗಂಟೆಯ ಮೊದಲ ಪ್ರವಾಸಕ್ಕೆ ಅದಕ್ಕಿಂತ ಸುಲಭದ ಜಾಗ ನನಗೆ ತಿಳಿಯದು.

ಜಾತ್ರೆಯ ವಿಷಯ ಬೇರೆ. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಒಂಬತ್ತು ದಿನ ನಡೆಯುತ್ತದೆ. ತಿರುಗುವ ತೊಟ್ಟಿಲು, ದೋಣಿ ಉಯ್ಯಾಲೆ, ಬಣ್ಣದ ದೀಪ ಎಲ್ಲಾ ಇರುವ ಅದು ನಮ್ಮ ಪಾಲಿನ ಮನರಂಜನಾ ಉದ್ಯಾನವೇ ಸರಿ. ಸಂಜೆಯ ನೂಕುನುಗ್ಗಲಿಗೆ ಮೊದಲು, ಹಗಲು ಹೊತ್ತಿನಲ್ಲಿ ಹೋಗುವುದು ಕ್ಷೇಮ. ತೊಟ್ಟಿಲು ನಡೆಸುವವನಿಗೆ ಮೊದಲೇ ಹೇಳಿ ಒಂದೇ ಸುತ್ತು ನಿಧಾನವಾಗಿ ತಿರುಗಿಸಲು ಕೇಳಿಕೊಂಡರೆ ಖಾಲಿ ಹೊತ್ತಿನಲ್ಲಿ ಒಪ್ಪುವವರುಂಟು. ಒಪ್ಪದಿದ್ದರೆ ದೂರದಿಂದ ನೋಡಿದರೂ ಜಾತ್ರೆ ಜಾತ್ರೆಯೇ.

ನೀರಿನ ವಿಷಯದಲ್ಲಿ ಎಚ್ಚರ

ಇದನ್ನು ದಯವಿಟ್ಟು ಎರಡು ಸಲ ಓದಿ. ಆಟಿಸಂ ಇರುವ ಮಕ್ಕಳಲ್ಲಿ ಅನೇಕರಿಗೆ ಗುಂಪಿನಿಂದ ಸದ್ದಿಲ್ಲದೆ ಜಾರಿಹೋಗುವ ಸ್ವಭಾವವಿರುತ್ತದೆ, ಮತ್ತು ನೀರಿನ ಸೆಳೆತ ಹೆಚ್ಚು. ನಮ್ಮ ಮೂರು ತಾಲ್ಲೂಕುಗಳಲ್ಲಿ ತುಂಗೆ, ಶರಾವತಿ, ಹಿನ್ನೀರು, ಕೆರೆ, ತೆರೆದ ಬಾವಿ ಇಲ್ಲದ ಸ್ಥಳವೇ ಇಲ್ಲ. ಮಗು ಕಾಣೆಯಾದರೆ ಮೊದಲು ಓಡಬೇಕಾದ್ದು ನೀರಿನ ಕಡೆಗೆ. ಅಂಗಡಿ, ಬಸ್ ನಿಲ್ದಾಣ, ನೆಂಟರ ಗುಂಪು ಆಮೇಲೆ. ಹೊರಡುವ ದಿನ ಬೆಳಿಗ್ಗೆ ಆ ದಿನದ ಬಟ್ಟೆಯಲ್ಲಿ ಮಗುವಿನ ಒಂದು ಫೋಟೋ ತೆಗೆದುಕೊಳ್ಳಿ. ಅಂಗಿಯ ಒಳಮಗ್ಗುಲಿಗೆ ತಂದೆ ತಾಯಿಯ ದೂರವಾಣಿ ಸಂಖ್ಯೆ ಬರೆದ ಬಟ್ಟೆಚೂರು ಹೊಲಿಯಿರಿ. ಕಾಗದದ ಚೀಟಿ ಬೆವರಿಗೆ ಕರಗುತ್ತದೆ. "ಎಲ್ಲರೂ ನೋಡ್ತಾ ಇದ್ದೇವೆ" ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಅರ್ಥ. ಅರ್ಧ ಗಂಟೆ ತಂದೆ, ಅರ್ಧ ಗಂಟೆ ಚಿಕ್ಕಪ್ಪ ಎಂದು ಹೆಸರು ಹೇಳಿ ಪಾಳಿ ಹಾಕಿಕೊಳ್ಳಿ.

ಬಿಡದಿಯವರೆಗೆ ಹೋಗುವವರಿಗೆ

ವಂಡರ್‌ಲಾ ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯ ಬಳಿ 2005ರಲ್ಲಿ ಆರಂಭವಾಯಿತು. ಅಲ್ಲಿಗೆ ಹೋಗಬಾರದೆಂದು ನಾನು ಹೇಳುವುದಿಲ್ಲ. ಆದರೆ ಕೆಲವು ಆಟಗಳು ದೇಹವನ್ನು ಜೋರಾಗಿ ಕುಲುಕುತ್ತವೆ, ತಲೆಕೆಳಗು ಮಾಡುತ್ತವೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ; ಕೆಲವರಿಗೆ ಕತ್ತಿನ ಮೇಲ್ಭಾಗದ ಮೂಳೆಗಳ ಹಿಡಿತ ಸಡಿಲ. ಅವರನ್ನು ಇಂತಹ ಆಟಕ್ಕೆ ಕೂರಿಸುವ ಮುಂಚೆ ವೈದ್ಯರನ್ನು ಕೇಳಲೇಬೇಕು. ಯಾವ ಆಟಕ್ಕೆ ಎಷ್ಟು ಎತ್ತರವಿರಬೇಕು, ಯಾರು ಕೂರಬಾರದು ಎಂಬ ಫಲಕವನ್ನು ಓದಿ. ಆಗದು ಎಂದು ಕೆಲಸದವರು ಹೇಳಿದರೆ ಅವರೊಡನೆ ಜಗಳ ಬೇಡ.

ಫಿಟ್ಸ್ ಬರುವ ಮಗುವಿನ ವಿಷಯ ಇನ್ನೂ ಮುಖ್ಯ. ನಮ್ಮವರು ಬೆಂಗಳೂರಿಗೆ ಹೋಗುವುದು ರಾತ್ರಿ ಬಸ್ಸಿನಲ್ಲಿ. ಘಟ್ಟದ ತಿರುವಿನ ರಸ್ತೆಯಲ್ಲಿ ನಿದ್ದೆ ಅರ್ಧ, ಬೆಳಗಿನ ಗಡಿಬಿಡಿಯಲ್ಲಿ ಮಾತ್ರೆ ಮರೆತುಹೋಗುವುದು. ನಿದ್ದೆಗೇಡು, ತಪ್ಪಿದ ಮಾತ್ರೆ, ಇವೆರಡೇ ಫಿಟ್ಸ್ ತರುವ ದೊಡ್ಡ ಕಾರಣಗಳು. ಹಗಲು ಪ್ರಯಾಣ ಮಾಡಿ, ರಾತ್ರಿ ಅಲ್ಲಿ ನೆಂಟರ ಮನೆಯಲ್ಲಿ ನಿದ್ದೆ ಮಾಡಿ, ಮರುದಿನ ಉದ್ಯಾನಕ್ಕೆ ಹೋಗುವುದು ಸರಿಯಾದ ಕ್ರಮ. ಮಾತ್ರೆಯನ್ನು ಎರಡು ಚೀಲಗಳಲ್ಲಿ ಹಂಚಿ ಇಟ್ಟುಕೊಳ್ಳಿ. ಒಂದು ಕಳೆದರೂ ಇನ್ನೊಂದು ಇರುತ್ತದೆ. ಕೆಲವು ಔಷಧಿಗಳಿಂದ ಬೆವರು ಕಡಿಮೆಯಾಗುವುದರಿಂದ ಬಿಸಿಲಿನಲ್ಲಿ ಮೈ ಕಾಯುತ್ತದೆ. ವೈದ್ಯರನ್ನು ಕೇಳಿ ತಿಳಿಯಿರಿ. ನೀರಿನ ಆಟದಲ್ಲಿ ಒಬ್ಬ ದೊಡ್ಡವರು ಕೈಗೆಟಕುವಷ್ಟು ಹತ್ತಿರ ಇರಲೇಬೇಕು.

ಫಿಟ್ಸ್ ಬಂದೇ ಬಿಟ್ಟರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದನ್ನು ಇಟ್ಟು, ಗಡಿಯಾರ ನೋಡಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಕೂಡದು. ಕೈಕಾಲು ಒತ್ತಿ ಹಿಡಿಯಕೂಡದು. ಬೀಗದ ಕೈ ಹಿಡಿಸುವುದು, ಈರುಳ್ಳಿ ಮೂಸಿಸುವುದು ಇವುಗಳಿಂದ ಏನೂ ಪ್ರಯೋಜನವಿಲ್ಲ, ಹೊತ್ತು ಮಾತ್ರ ಹಾಳು. ಐದು ನಿಮಿಷ ಮೀರಿದರೆ 108ಕ್ಕೆ ಕರೆ ಮಾಡಿ.

ಉದ್ಯಾನಗಳ ಮಾತು ಬಂದಾಗ ಅಮೆರಿಕದ ಒಂದು ಸಂಗತಿ ಹೇಳಬೇಕು. ಟೆಕ್ಸಾಸ್ ಪ್ರಾಂತ್ಯದ ಸ್ಯಾನ್ ಆಂಟೋನಿಯೊ ಪಟ್ಟಣದಲ್ಲಿ ಗಾರ್ಡನ್ ಹಾರ್ಟ್‌ಮನ್ ಎಂಬ ಮನೆ ಕಟ್ಟಿಸುವ ಉದ್ಯಮಿ ಇದ್ದರು. ಅವರ ಮಗಳು ಮಾರ್ಗನ್‌ಗೆ ವಿಶೇಷ ಅಗತ್ಯಗಳಿದ್ದವು. ರಜೆಗೆ ಹೋದ ಕಡೆ ಈಜುಕೊಳದಲ್ಲಿ ಅವಳು ಬೇರೆ ಮಕ್ಕಳೊಡನೆ ಆಡಲು ಹೋದಾಗ ಆ ಮಕ್ಕಳು ನೀರಿನಿಂದ ಎದ್ದು ಹೋದರಂತೆ. ಅದನ್ನು ಕಂಡ ತಂದೆ 2010ರಲ್ಲಿ ಮಾರ್ಗನ್ಸ್ ವಂಡರ್‌ಲ್ಯಾಂಡ್ ಎಂಬ ಉದ್ಯಾನ ತೆರೆದರು. ಗಾಲಿಕುರ್ಚಿಯ ಸಮೇತ ಏರಿ ತಿರುಗುವ ತೊಟ್ಟಿಲು ಅಲ್ಲಿದೆ. ವಿಶೇಷ ಅಗತ್ಯದವರಿಗೆ ಪ್ರವೇಶ ಉಚಿತ. ಡಿಸ್ನಿಯವರ ಉದ್ಯಾನಗಳಲ್ಲಿ ಸಾಲಿನಲ್ಲಿ ನಿಲ್ಲಲಾರದ ಮಕ್ಕಳ ಮನೆಯವರು ಹೊತ್ತು ಗೊತ್ತುಮಾಡಿಕೊಂಡು, ಬೇರೆ ಕಡೆ ವಿಶ್ರಮಿಸಿ, ಆ ಹೊತ್ತಿಗೆ ಬರುವ ಏರ್ಪಾಡು 2013ರಿಂದ ಇದೆ. 2024ರಲ್ಲಿ ಅದರ ನಿಯಮ ಬಿಗಿ ಮಾಡಿದ್ದಾರೆ. ತೀರ್ಥಹಳ್ಳಿಯ ಆ ತಂದೆ ಒಬ್ಬರೇ ಸಾಲಿನಲ್ಲಿ ನಿಂತು ಕೈ ಬೀಸಿದ್ದು ಇದೇ ಉಪಾಯವಲ್ಲವೇ?

ಮೈಸೂರಿಗೆ ಹೋಗುವ ಕುಟುಂಬಗಳೂ ನಮ್ಮಲ್ಲಿವೆ. ಮಾತು ಬಾರದ, ಕಿವಿ ಕೇಳದ ಮಕ್ಕಳನ್ನು ಅಲ್ಲಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯುತ್ತಾರೆ. ಅದು 1965ರಲ್ಲಿ ಸ್ಥಾಪನೆಯಾದ ಸಂಸ್ಥೆ. ಪ್ರಯಾಣವೆಂದರೆ ಆಸ್ಪತ್ರೆ ಎಂದೇ ಮಗುವಿಗೆ ಅಭ್ಯಾಸವಾಗುವುದು ಬೇಡ. ತಪಾಸಣೆಯ ಮರುದಿನ ಮೃಗಾಲಯಕ್ಕೆ ಹೋಗಿ. ಅಲ್ಲಿ ನಡೆಯಲಾರದವರಿಗೆ ಬ್ಯಾಟರಿ ಗಾಡಿ ಇದೆ. ಮಂಗಳವಾರ ಮಾತ್ರ ಬಾಗಿಲು ಮುಚ್ಚಿರುತ್ತದೆ.

ಕಾಗದಪತ್ರ ಮತ್ತು ಖರ್ಚು

ಮಗುವಿನ ಹೆಸರಿಗೆ ಯು.ಡಿ.ಐ.ಡಿ. ಎಂಬ ವಿಶಿಷ್ಟ ಗುರುತಿನ ಚೀಟಿ ಮಾಡಿಸಿಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಅದರ ಆಧಾರದ ಮೇಲೆ ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸು ಸಿಗುತ್ತದೆ: ವರ್ಷಕ್ಕೆ 660 ರೂಪಾಯಿ, ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿ. ನಮ್ಮ ಮೂರೂ ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗ ಈ ವ್ಯಾಪ್ತಿಯೊಳಗೇ ಬರುತ್ತದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ತಾಯಿಗೂ ಅಕ್ಕನಿಗೂ ಟಿಕೆಟ್ ಹಣವಿಲ್ಲ. ಆದರೆ ನಮ್ಮ ಮಲೆನಾಡಿನ ಅನೇಕ ಹಾದಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಸರ್ಕಾರಿ ಬಸ್ಸಿನ ಹೊತ್ತನ್ನು ಮೊದಲೇ ವಿಚಾರಿಸಿಕೊಳ್ಳಿ.

ತಾಳಗುಪ್ಪದಿಂದ ಸಾಗರದ ಮೇಲೆ ಬೆಂಗಳೂರು, ಮೈಸೂರಿಗೆ ರೈಲು ಇದೆ. ಸಹಾಯಕರಿಲ್ಲದೆ ಪ್ರಯಾಣ ಮಾಡಲಾರದ ಅಂಗವಿಕಲರಿಗೆ, ಬುದ್ಧಿಮಾಂದ್ಯತೆ ಇರುವವರಿಗೆ, ಪೂರ್ಣ ಅಂಧರಿಗೆ ಸ್ಲೀಪರ್ ದರ್ಜೆಯಲ್ಲಿ ನೂರಕ್ಕೆ 75ರಷ್ಟು ರಿಯಾಯಿತಿ ಉಂಟು. ಜೊತೆಗೆ ಹೋಗುವ ಒಬ್ಬರಿಗೂ ಅಷ್ಟೇ. ಇದಕ್ಕೆ ರೈಲ್ವೆಯವರ ನಮೂನೆಯಲ್ಲೇ ಸರ್ಕಾರಿ ವೈದ್ಯರ ಪ್ರಮಾಣಪತ್ರ ಬೇಕು. ಮಲಗಿ ಹೋಗಬಹುದಾದ್ದರಿಂದಲೂ, ಶೌಚಾಲಯ ಇರುವುದರಿಂದಲೂ ದೂರದ ಪ್ರಯಾಣಕ್ಕೆ ಬಸ್ಸಿಗಿಂತ ರೈಲು ವಾಸಿ.

ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಈ ಅರ್ಜಿಗಳನ್ನು ಬರೆಯಲು ಸಹಾಯ ಮಾಡುವುದು ಅವರ ಕೆಲಸ. ವಾಹನ ಬಾಡಿಗೆಗೆ ಹೆದರುವವರು ಒಂದೇ ಬಗೆಯ ಮಕ್ಕಳಿರುವ ಎರಡು ಮನೆಯವರು ಕೂಡಿ ಹೋಗಬಹುದು. ಆಗ ಯಾರಿಗೆ ಯಾರೂ ವಿವರಣೆ ಕೊಡಬೇಕಾಗಿಲ್ಲ ಎಂಬುದು ಇನ್ನೊಂದು ಲಾಭ.

ಬುತ್ತಿಯ ವಿಷಯ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಮೊಸರನ್ನವನ್ನೇ ತಿನ್ನುವ ಮಗುವಿಗೆ ಹೋಟೆಲಿನಲ್ಲೂ ಮನೆಯ ಮೊಸರನ್ನವೇ ಇರಲಿ. ಬಟ್ಟೆ ಬದಲಿಸಬೇಕಾದ ದೊಡ್ಡ ಮಗುವಿದ್ದರೆ ಒಂದು ಚಾಪೆ, ಎರಡು ಹಳೇ ಸೀರೆ ಇಟ್ಟುಕೊಳ್ಳಿ. ಎಲ್ಲಿ ಬೇಕಾದರೂ ಮರೆ ಮಾಡಬಹುದು. ಜೊತೆಯಲ್ಲಿರುವ ಅಣ್ಣ ಅಕ್ಕಂದಿರನ್ನು ಮರೆಯಬೇಡಿ. ವರ್ಷವೆಲ್ಲ ತಮ್ಮನಿಗಾಗಿ ಬಿಟ್ಟುಕೊಡುವ ಹುಡುಗಿಗೆ ಆ ದಿನ ಒಂದು ಗಂಟೆ ಅವಳಿಗೆ ಬೇಕಾದ್ದನ್ನು ನೋಡಲು ತಂದೆ ಪ್ರತ್ಯೇಕ ಕರೆದೊಯ್ಯಲಿ.

ಮರುದಿನಕ್ಕೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ, ನೆಂಟರನ್ನೂ ಕರೆಯಬೇಡಿ. ಮಗು ಬಳಲಿರುತ್ತದೆ, ಹೆಚ್ಚು ನಿದ್ದೆ ಮಾಡೀತು, ಸಿಡಿಮಿಡಿಗೊಂಡೀತು. ಎರಡು ದಿನ ಕಳೆದ ಮೇಲೆ ಪ್ರವಾಸದ ಫೋಟೋಗಳನ್ನು ಅದೇ ನೋಟ್‌ಪುಸ್ತಕದಲ್ಲಿ ಅಂಟಿಸಿ ಮಗುವಿನ ಕೈಗೆ ಕೊಡಿ. ಯಾವ ಹಾಳೆಯಲ್ಲಿ ಬೆರಳು ನಿಲ್ಲುತ್ತದೆ, ಯಾವುದನ್ನು ಸರ‍್ರನೆ ಮಗುಚುತ್ತದೆ ಎಂದು ನೋಡಿ ಬರೆದಿಟ್ಟುಕೊಂಡರೆ ಮುಂದಿನ ಸಲ ಎಲ್ಲಿಗೆ ಹೋಗಬೇಕೆಂಬುದಕ್ಕೆ ಅದೇ ಆಧಾರ.